ಕರುವಿನ ಮೈಬಿಸಿ ಯಾರ ಲೆಕ್ಕದಲ್ಲಿ?

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕದ ದುಂಬಿ ಹಾರುವುದು ವರ್ಷಕ್ಕೆರಡು ಸಲ: ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕಾಗಿ ಅರೇಬಿಕಾ ಗಿಡದ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಬಳಿಯುವ ವಾಡಿಕೆ ಬಹುಕಾಲದ್ದು. ಎರಡನೆಯ ಸರದಿಯಂತೂ ಬೆಟ್ಟದ ಚಳಿಯೊಡನೆಯೇ ಬರುತ್ತದೆ.

ಈ ‘ಔಷಧಿ’ (ಹೆಸರೇ ಒಂದು ಅಣಕ) ನರಸಂದೇಶವನ್ನು ಮುಗಿಸುವ ಕಿಣ್ವವನ್ನು ತಡೆಯುತ್ತದೆ. ದೇಹದ ಉಷ್ಣತೆಯನ್ನು ಕಾಯುವ ಮಿದುಳಿನ ಭಾಗವೂ ಅದರಿಂದ ಕದಡುತ್ತದೆ. ಪ್ರಯೋಗದ ಇಲಿಗಳಲ್ಲಿ ಮೊದಲು ಮೈ ತಣ್ಣಗಾಗಿ, ದಿನ ಕಳೆದ ಮೇಲೆ ಜ್ವರವೇರಿದ್ದು ದಾಖಲಾಗಿದೆ. ಎಳೆಯ ಇಲಿಗಳಲ್ಲಿ ವಿಷವನ್ನು ಒಡೆಯುವ ಕಿಣ್ವಗಳು ಬಲಿತಿರುವುದಿಲ್ಲವಾದ್ದರಿಂದ ಅವು ಕಡಿಮೆ ಪ್ರಮಾಣಕ್ಕೇ ಬೀಳುತ್ತವೆ. ಈಗಷ್ಟೇ ಹುಟ್ಟಿದ ಮಲೆನಾಡು ಗಿಡ್ಡದ ಕರುವಿಗಾದರೋ ಚಳಿಯೆದುರು ನಡುಕ ಮತ್ತು ಒಂದಿಷ್ಟು ಕಂದು ಕೊಬ್ಬೇ ಆಸರೆ.

ಇದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ ಎಂಬ ಸಮಾಧಾನವನ್ನು ಕೇಳಿದ್ದೇನೆ. ಕೊರಕದ ಮಟ್ಟಿಗೆ ಹಾಗೆಯೇ ಎನ್ನಿ. ಆದರೆ ಖಾಲಿ ಡಬ್ಬಿಯನ್ನು ಹಳ್ಳದ ಬದಿಗೆಸೆದು, ಬಳಿದ ಗಿಡದ ಬುಡದ ಹುಲ್ಲನ್ನೇ ಕೊಟ್ಟಿಗೆಗೆ ಹಾಕುವುದು ಯಾವ ಉದ್ಯೋಗ? ಅದು ಪ್ರಮಾದ. ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ನೆರಳು ಕಾಪಾಡುವುದು, ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡುವುದು, ಇವು ಬೆಳೆಗಾರರಿಗೆ ಗೊತ್ತಿರುವ ದಾರಿಗಳೇ. ಆಳು ಸಿಗುವುದಿಲ್ಲವೆನ್ನುತ್ತೇವೆ. ಒಣಗಿದ ಗಿಡಗಳನ್ನು ಎಣಿಸಿ ಬರೆದಿಡುವ ನಾವು, ಕರು ಸತ್ತರೆ ‘ಚಳಿಗೆ ಹೋಯಿತು’ ಎಂದು ಹೂಳಿ ಸುಮ್ಮನಾಗುತ್ತೇವೆ.