ಹೆಣ್ಣು ಹೆಸರುಗಳ ದೇಶಾಟನೆ

ಮನೆಯಲ್ಲಿ ಹೆಣ್ಣುಮಗು ಹುಟ್ಟಿದೆ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿದೆ. ಹಿಂದೆ ಈ ಕಾರ್ಯ ಬಹು ಸುಲಭವಾಗಿತ್ತು. ಅಜ್ಜಿಯ ಹೆಸರೊಂದು, ಕುಲದೇವತೆಯ ಹೆಸರೊಂದು, ಜನ್ಮನಕ್ಷತ್ರದ ಪಾದಾಕ್ಷರದಿಂದ ಹೊರಟ ಹೆಸರೊಂದು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದು, ಮಗುವಿನ ಕಿವಿಯಲ್ಲಿ ಉಸುರಿದರೆ ಮುಗಿಯಿತು. ಇಂದಿನ ತಂದೆತಾಯಿಗಳಿಗೆ ಅಷ್ಟು ಸಾಲದು. ಹೆಸರು ಎರಡಕ್ಷರದ್ದಾಗಿರಬೇಕು, ಬೀದಿಯಲ್ಲಿ ಮತ್ತಾರಿಗೂ ಇರಬಾರದು, ಅಮೆರಿಕದಲ್ಲಿರುವ ಸೋದರಮಾವನ ನೆರೆಯವರ ನಾಲಗೆಗೂ ಹೊರಳಬೇಕು, ಇದೆಲ್ಲದರ ಮೇಲೆ ಒಂದು ಒಳ್ಳೆಯ ಅರ್ಥವೂ ಇರಬೇಕು. ಆ ಅರ್ಥವನ್ನು ಒದಗಿಸಲು ಅಂತರ್ಜಾಲದ ನಾಮಾವಳಿಗಳು ಹಗಲಿರುಳೂ ಸಿದ್ಧವಾಗಿವೆ. ಯಾವ ಹೆಸರನ್ನು ಕೊಟ್ಟರೂ ಅವು 'ಸಂಸ್ಕೃತ ಮೂಲ. ಅರ್ಥ: ಪ್ರಿಯೆ' ಎಂದು ಕೂಡಲೆ ಉತ್ತರ ಕೊಡಬಲ್ಲವು!

ಈಚೆಗೆ ನಮ್ಮ ಬೆಂಗಳೂರಿನ ಶಿಶುವಿಹಾರಗಳಲ್ಲಿ ಮತ್ತೆ ಮತ್ತೆ ಕೇಳಿಬರುವ 'ಮೈರಾ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇದು ಯಾವ ವೇದದಲ್ಲಿಯೂ ಇಲ್ಲ, ಯಾವ ಪುರಾಣದಲ್ಲಿಯೂ ಇಲ್ಲ. ಫುಲ್ಕ್ ಗ್ರೆವಿಲ್ ಎಂಬ ಇಂಗ್ಲಿಷ್ ಕವಿ ತನ್ನ ಪ್ರೇಮಪದ್ಯಗಳ ನಾಯಕಿಗೆಂದು ಇದನ್ನು ಕಲ್ಪಿಸಿಕೊಂಡ. ಆತ 1628ರಲ್ಲಿ ತನ್ನ ಸೇವಕನ ಕೈಯಿಂದಲೇ ಇರಿತಕ್ಕೊಳಗಾಗಿ ಸತ್ತ. ಪದ್ಯಗಳು ಅಚ್ಚಾದುದು 1633ರಲ್ಲಿ. ಕವಿಯ ಕಲ್ಪನೆಯ ಕೂಸು ನಾಲ್ಕು ಶತಮಾನಗಳ ತರುವಾಯ ಜಯನಗರದ ತೊಟ್ಟಿಲಲ್ಲಿ ಮಲಗಿದೆಯೆಂದರೆ ಅದಕ್ಕಾಗಿ ಸಂತೋಷಪಡೋಣ. ಆದರೆ ಅದಕ್ಕೆ ಸುಳ್ಳು ವಂಶಾವಳಿಯೊಂದನ್ನು ಅಂಟಿಸುವ ಅಗತ್ಯವಿಲ್ಲ.

ನಮ್ಮ ನೆರೆಮನೆಯ ಹೆಸರುಗಳಲ್ಲಿ ಹೀಗೆ ದೂರದಿಂದ ಬಂದವು ಹಲವಾರು ಉಂಟು. ಸೋನಿಯಾ ಎಂಬುದು ಸೋಫಿಯಾ ಎಂಬುದರ ರಷ್ಯನ್ ಮುದ್ದುರೂಪ. ಗ್ರೀಕರ ಭಾಷೆಯಲ್ಲಿ ಸೋಫಿಯಾ ಎಂದರೆ ವಿವೇಕ, ಪ್ರಜ್ಞೆ. ಇಸ್ತಾಂಬುಲಿನಲ್ಲಿ 537ರಲ್ಲಿ ಕಟ್ಟಿ ಮುಗಿಸಿದ ಪ್ರಸಿದ್ಧ ದೇವಾಲಯಕ್ಕೆ 'ಹಾಗಿಯಾ ಸೋಫಿಯಾ' ಎಂದು ಹೆಸರು. ಅದು ಸೋಫಿಯಾ ಎಂಬ ಸಾಧ್ವಿಯ ಗುಡಿಯೆಂದು ಅನೇಕರು ಭಾವಿಸುತ್ತಾರೆ, ವಾಸ್ತವವಾಗಿ ಅದು ಪವಿತ್ರ ಪ್ರಜ್ಞೆಯ ಗುಡಿ. ಆದ್ದರಿಂದ ನಿಮ್ಮ ಬೀದಿಯ ಸೋನಿಯಾಳೂ ಪ್ರಜ್ಞಾಳೂ ಅರ್ಥದಲ್ಲಿ ಅಕ್ಕತಂಗಿಯರು. ನತಾಶಾ ಎಂಬುದು ನತಾಲಿಯಾ ಎಂಬುದರ ಸಂಕ್ಷೇಪ. ಮೂಲ ಲ್ಯಾಟಿನ್ನಿನಲ್ಲಿ ಅದು ಕ್ರಿಸ್ತಜಯಂತಿಯನ್ನು ಸೂಚಿಸುತ್ತದೆ. ತಾನ್ಯಾ ಎಂಬುದು ತತ್ಯಾನಾ. ಅದರ ಬೇರು ಪ್ರಾಚೀನ ರೋಮಿನ ಒಂದು ಮನೆತನದ ಹೆಸರಿನಲ್ಲಿದೆ. ಈ ಮೂವರೂ ರಷ್ಯದ ಮಹಾಸಾಹಿತಿಗಳ ಕೈಹಿಡಿದು ಲೋಕಸಂಚಾರ ಮಾಡಿದವರು. ನತಾಶಾ, ಸೋನ್ಯಾ ಇಬ್ಬರೂ ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯಲ್ಲಿ ಒಂದೇ ಮನೆಯಲ್ಲಿ ಬೆಳೆದ ಹುಡುಗಿಯರು. ತತ್ಯಾನಾ ಪುಷ್ಕಿನ್ನನ ನಾಯಕಿ. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ದೊರೆಯುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇವು ಪರದೇಶದ ಹೆಸರುಗಳೆಂದು ತೋರಲೇ ಇಲ್ಲ. ಇನ್ನು ಅನಿತಾ! ಸಂಸ್ಕೃತದಿಂದ ಬಿಡಿಸಹೊರಟರೆ 'ಒಯ್ಯಲ್ಪಡದವಳು' ಎಂದೇನೋ ಆಗಿ ನಗೆ ಬರುತ್ತದೆ. ಸ್ಪೇನಿನವರಲ್ಲಿ ಅದು 'ಪುಟ್ಟ ಆನಾ'. ಆನಾ ಎಂಬುದಾದರೋ ಹೀಬ್ರೂ ಭಾಷೆಯ ಹನ್ನಾ, ಎಂದರೆ ಕೃಪೆ.

ಕೆಲವೊಮ್ಮೆ ಎರಡು ಭಾಷೆಗಳ ಹೆಸರುಗಳು ಕಿವಿಗೆ ಒಂದೇ ಆಗಿ, ಅರ್ಥದಲ್ಲಿ ಅಜಗಜಾಂತರವಾಗುವುದುಂಟು. ನಮ್ಮ ಶೀಲಾ ಸದಾಚಾರದವಳು. ಐರ್ಲೆಂಡಿನ ಶೀಲಾ ರೋಮನ್ನರ ಸಿಸೀಲಿಯಾ ಎಂಬ ಹೆಸರಿನಿಂದ ಬಂದವಳು. ಆ ಹೆಸರಿನ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ 'ಕುರುಡು' ಎಂದು ಅರ್ಥ. ನಮ್ಮ ಲೀಲಾ ಆಟವಾಡುವವಳು. ಅರಬರ ಲೈಲಾ ರಾತ್ರಿ, ಎಂದರೆ ನಮ್ಮ ನಿಶಾ. ಅದಕ್ಕೆ ವಿರುದ್ಧವಾಗಿ, ದೂರದವೆಂದು ತೋರುವ ಹೆಸರುಗಳು ರಕ್ತಸಂಬಂಧಿಗಳಾಗಿರುವುದೂ ಉಂಟು. ಅಲೆಗ್ಸಾಂಡರನು ಮದುವೆಯಾದ ರೊಕ್ಸಾನಾಳ ಹೆಸರು ಇರಾನಿನ ಭಾಷೆಗಳ 'ಬೆಳಕು' ಎಂಬ ಮಾತಿನಿಂದ ಬಂದುದು. ರೋಶನಿ ಅದರ ಬಳಗ, ಸಂಸ್ಕೃತದ 'ರೋಚನ' ಅದೇ ಬಳಗ.

ಬೆಳಕಿನ ಮಾತು ಬಂದುದರಿಂದ ಸ್ವೆತ್ಲಾನಾ ಎಂಬ ಹೆಸರಿನ ಕಥೆಯನ್ನು ಹೇಳದೆ ಮುಂದುವರಿಯಲಾರೆ. ರಷ್ಯನ್ ಭಾಷೆಯಲ್ಲಿ 'ಸ್ವೆತ್' ಎಂದರೆ ಬೆಳಕು. ನಮ್ಮ 'ಶ್ವೇತ' ಶಬ್ದಕ್ಕೆ ಅದು ಸೋದರ. ಈ ಹೆಸರು ಪುರಾತನವೆಂಬಂತೆ ಕಂಡರೂ ಹುಟ್ಟಿದುದು ಕವಿಗಳ ಲೇಖನಿಯಲ್ಲಿ. 1802ರಲ್ಲಿ ವೊಸ್ತೊಕೊವ್ ಎಂಬಾತ ಅದನ್ನು ಬಳಸಿದ. 1813ರಲ್ಲಿ ಪ್ರಕಟವಾದ ಜುಕೋವ್‌ಸ್ಕಿಯ ಕಥನಗೀತೆಯಿಂದ ಅದು ಮನೆಮಾತಾಯಿತು. ಆದರೆ ಮಕ್ಕಳಿಗೆ ಇಡುವಂತಿರಲಿಲ್ಲ! ಸಂತರ ಪಟ್ಟಿಯಲ್ಲಿಲ್ಲದ ಹೆಸರಿನಿಂದ ದೀಕ್ಷಾಸ್ನಾನ ಮಾಡಿಸಲು ಅಲ್ಲಿನ ಪುರೋಹಿತರು ಒಪ್ಪುತ್ತಿರಲಿಲ್ಲ. 1917ರ ಕ್ರಾಂತಿಯ ಬಳಿಕ ಪುರೋಹಿತರ ಅಧಿಕಾರ ಕುಗ್ಗಿತು, ಹೆಸರಿಗೆ ಬಿಡುಗಡೆಯಾಯಿತು. 1926ರಲ್ಲಿ ಸ್ಟಾಲಿನ್ ತನ್ನ ಮಗಳಿಗೆ ಅದನ್ನೇ ಇಟ್ಟ.

ಆ ಮಗುವಿನ ತಾಯಿಯ ಹೆಸರು ನಾದೆಜ್ದಾ, ಎಂದರೆ ಆಶಾ. ಮಗಳಿಗೆ ಆರು ವರ್ಷವಾಗಿದ್ದಾಗ, 1932ರಲ್ಲಿ, ಆ ಆಶಾ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡಳು. ಬೆಳೆದ ಸ್ವೆತ್ಲಾನಾ ತಂದೆಯ ಮರಣಾನಂತರ ತಂದೆಯ ಹೆಸರನ್ನು ಬಿಟ್ಟು, ತಾಯಿಯ ಮನೆತನದ ಅಲಿಲುಯೆವಾ ಎಂಬ ಹೆಸರನ್ನು ಧರಿಸಿದಳು. ಉತ್ತರಪ್ರದೇಶದ ಕಾಲಾಕಾಂಕರ್ ಅರಸುಮನೆತನದ ಬ್ರಜೇಶ್ ಸಿಂಗ್ ಅವಳ ಬಾಳಸಂಗಾತಿಯಾದರು. ಮದುವೆಗೆ ಮಾತ್ರ ಸರಕಾರ ಅನುಮತಿ ಕೊಡಲಿಲ್ಲ. 1966ರಲ್ಲಿ ಅವರು ಮಾಸ್ಕೋದಲ್ಲಿ ತೀರಿಕೊಂಡಾಗ, ಅವರ ಅಸ್ಥಿಯನ್ನು ಗಂಗೆಗೆ ಒಪ್ಪಿಸಲೆಂದು ಅವಳು ಭಾರತಕ್ಕೆ ಬಂದಳು. 1967ರ ಮಾರ್ಚ್ 6ರಂದು ಸಂಜೆ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯ ಬಾಗಿಲಿಗೆ ಹೋಗಿ ಆಶ್ರಯ ಬೇಡಿದಳು. ಸ್ಟಾಲಿನ್ನನ ಮಗಳು ಅಮೆರಿಕದ ಆಶ್ರಯ ಬೇಡಿದ ವಾರ್ತೆಗೆ ಜಗತ್ತು ಬೆಚ್ಚಿಬಿದ್ದಿತು. ಅಮೆರಿಕದಲ್ಲಿ ಮದುವೆಯಾದ ಮೇಲೆ ಅವಳು 'ಲಾನಾ ಪೀಟರ್ಸ್' ಆದಳು. 2011ರಲ್ಲಿ ಆ ಹೆಸರಿನಲ್ಲಿಯೇ ತೀರಿಕೊಂಡಳು. ತಂದೆ ಕೊಟ್ಟ ಹೆಸರಿನಿಂದ 'ಬೆಳಕು' ಎಂಬ ಭಾಗವನ್ನು ತೆಗೆದುಹಾಕಿದರೆ ಉಳಿಯುವುದು ಈ 'ಲಾನಾ' ಮಾತ್ರ.

ಇದಕ್ಕಿಂತ ಮೃದುವಾದ ಕಥೆಯೊಂದು ಇಂಗ್ಲೆಂಡಿನದು. ಮಾರ್ಗರೆಟ್ ಎಂದರೆ ಮುತ್ತು. ಪೂರ್ವದೇಶಗಳಿಂದ ಗ್ರೀಕರಿಗೆ, ಗ್ರೀಕರಿಂದ ಯೂರೋಪಿಗೆಲ್ಲ ಹೋದ ಹೆಸರು. ನಮ್ಮ ಮುತ್ತಮ್ಮನೂ ಮುಕ್ತಾಳೂ ಅವಳೇ. ಗ್ರೇಟಾ, ರೀಟಾ, ಪೆಗ್ಗಿ ಎಲ್ಲವೂ ಈ ಒಂದೇ ಮುತ್ತಿನ ಚೂರುಗಳು. ವಿಲಿಯಂ ಹೆನ್ಲಿ ಎಂಬ ಕವಿಯ ಪುಟ್ಟ ಮಗಳು ಮಾರ್ಗರೆಟ್, ಮನೆಗೆ ಬರುತ್ತಿದ್ದ ಸಾಹಿತಿ ಜೆ. ಎಂ. ಬ್ಯಾರಿಯನ್ನು ತನ್ನ 'ಫ್ರೆಂಡಿ' ಎಂದು ಕರೆಯುತ್ತಿದ್ದಳು. 'ರ'ಕಾರ ತಿರುಗದ ಬಾಲಭಾಷೆಯಲ್ಲಿ ಅದು 'ಫ್ವೆಂಡಿ', 'ವೆಂಡಿ' ಎಂದಾಗುತ್ತಿತ್ತು. ಮಗು 1894ರಲ್ಲಿ, ಐದನೆಯ ವಯಸ್ಸಿನಲ್ಲಿ, ತೀರಿಹೋಯಿತು. ಹತ್ತು ವರ್ಷಗಳ ಮೇಲೆ ಬ್ಯಾರಿ ತನ್ನ 'ಪೀಟರ್ ಪ್ಯಾನ್' ನಾಟಕದ ಹುಡುಗಿಗೆ ವೆಂಡಿ ಎಂದು ಹೆಸರಿಟ್ಟ. ಆಮೇಲೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಎಷ್ಟೋ ಸಾವಿರ ವೆಂಡಿಯರು ಹುಟ್ಟಿದರು. ಒಂದು ಮಗುವಿನ ತೊದಲು ಅಷ್ಟು ತೊಟ್ಟಿಲುಗಳನ್ನು ತುಂಬಿತು. ಕಥೆ ಕಾದಂಬರಿಗಳ ನಾಯಕಿಯರ ಹೆಸರು ಮನೆಯ ಮಕ್ಕಳಿಗೆ ಬರುವುದು ಈ ಪತ್ರಿಕೆಯ ಧಾರಾವಾಹಿಗಳ ಓದುಗರಿಗೆ ಹೊಸ ಸಂಗತಿಯೇನಲ್ಲ.

ಹೆಸರುಗಳ ಅರ್ಥವನ್ನು ಇಷ್ಟು ಸಂಭ್ರಮದಿಂದ ಹುಡುಕುವ ನಾವು, ಹೆಸರೇ ಇಲ್ಲದ ಹೆಣ್ಣುಗಳಿದ್ದರೆಂಬುದನ್ನು ಮರೆಯಬಾರದು. ವೈಭವದ ರೋಮಿನಲ್ಲಿ ಗಂಡುಮಗನಿಗೆ ಸ್ವಂತ ಹೆಸರುಂಟು; ಹೆಣ್ಣುಮಗಳಿಗೆ ಮನೆತನದ ಹೆಸರಿನ ಸ್ತ್ರೀಲಿಂಗರೂಪವೇ ಗತಿ. ಸೀಸರನ ಮನೆತನ ಜೂಲಿಯಸ್. ಆದ್ದರಿಂದ ಅವನ ಸೋದರತ್ತೆ ಜೂಲಿಯಾ, ಸೋದರಿಯರಿಬ್ಬರೂ ಜೂಲಿಯಾ, ಮಗಳೂ ಜೂಲಿಯಾ! ಗುರುತಿಗಾಗಿ ದೊಡ್ಡ ಜೂಲಿಯಾ, ಚಿಕ್ಕ ಜೂಲಿಯಾ ಎನ್ನುವುದು. ಮಕ್ಕಳು ಹೆಚ್ಚಾದರೆ 'ಎರಡನೆಯವಳು', 'ಮೂರನೆಯವಳು' ಎಂದು ಎಣಿಸುವುದು. ಜಪಾನಿನಲ್ಲಿ ಸಾವಿರ ವರ್ಷಗಳ ಹಿಂದೆ 'ಗೆಂಜಿಯ ಕಥೆ'ಯನ್ನು ಬರೆದ ಮಹಾಲೇಖಕಿಯನ್ನು ಲೋಕ ಮುರಾಸಾಕಿ ಶಿಕಿಬು ಎಂದು ಕೊಂಡಾಡುತ್ತದೆ. 'ಶಿಕಿಬು' ಎಂಬುದು ಅವಳ ತಂದೆ ಕೆಲಸ ಮಾಡಿದ ಅರಮನೆಯ ಇಲಾಖೆ. 'ಮುರಾಸಾಕಿ' ಅವಳ ಕಥೆಯ ನಾಯಕಿಯ ಹೆಸರು. ಹೆತ್ತವರು ಅವಳನ್ನು ಏನೆಂದು ಕರೆದರೋ ಅದು ಇತಿಹಾಸಕ್ಕೆ ದೊರಕಿಲ್ಲ.

ಆಫ್ರಿಕದ ಘಾನಾ ದೇಶದ ಅಕಾನ್ ಜನರಲ್ಲಿ ಈ ತೊಡಕಿಲ್ಲ. ಹುಟ್ಟಿದ ವಾರವೇ ಹೆಸರು: ಸೋಮವಾರದವಳು ಅಜೋವಾ, ಶುಕ್ರವಾರದವಳು ಅಫುವಾ, ಭಾನುವಾರದವಳು ಅಕೋಸುವಾ. ನಾವು ಶನಿವಾರದ ಹೆಸರಿಡಲು ಹಿಂದೆಮುಂದೆ ನೋಡುತ್ತೇವೆ. ಅವರಲ್ಲಿ ಶನಿವಾರದ 'ಅಮಾ' ಬಲು ಅಕ್ಕರೆಯ ಹೆಸರು. ಗುರುವಾರದವಳು 'ಯಾ'. ಅಶಾಂತಿ ಜನರ ಪವಿತ್ರ ಸ್ವರ್ಣಪೀಠವನ್ನು ಬ್ರಿಟಿಷ್ ಗವರ್ನರನು ತನಗೆ ಒಪ್ಪಿಸಬೇಕೆಂದು ಕೇಳಿದಾಗ 1900ರಲ್ಲಿ ಯುದ್ಧಕ್ಕೆ ನಿಂತ ರಾಜಮಾತೆ ಯಾ ಅಸಾಂತೆವಾ ಇಂಥ ಗುರುವಾರದ ಮಗಳು. ಅವಳನ್ನು ಸೆರೆಹಿಡಿದು ಸೇಶೆಲ್ಸ್ ದ್ವೀಪಗಳಿಗೆ ಗಡೀಪಾರು ಮಾಡಿದರು. 1921ರಲ್ಲಿ ಅಲ್ಲಿಯೇ ಮಡಿದಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಕ್ಕಲಿಲ್ಲ.

ಹೆಸರಿಗಾಗಿ ಸರಕಾರದೊಡನೆ ಹೋರಾಡಿದವರೂ ಉಂಟು. ಐಸ್‌ಲೆಂಡ್ ದೇಶದಲ್ಲಿ ಹೆಸರುಗಳನ್ನು ಒಪ್ಪುವುದಕ್ಕೂ ತಳ್ಳುವುದಕ್ಕೂ ಒಂದು ಸಮಿತಿಯೇ ಇದೆ. ತಾಯಿಯೊಬ್ಬಳು ಮಗಳಿಗೆ 'ಮಂದಮಾರುತ' ಎಂಬರ್ಥದ ಹೆಸರಿಟ್ಟಳು. ನೊಬೆಲ್ ಪುರಸ್ಕೃತ ಹಾಲ್ಡೋರ್ ಲಾಕ್ಸ್‌ನೆಸ್ ತಮ್ಮ ಕಾದಂಬರಿಯೊಂದರಲ್ಲಿ ಸ್ತ್ರೀಪಾತ್ರಕ್ಕೆ ಅದೇ ಹೆಸರನ್ನು ಕೊಟ್ಟಿದ್ದರು. ಆದರೆ ಶಬ್ದ ವ್ಯಾಕರಣದಲ್ಲಿ ಪುಲ್ಲಿಂಗವೆಂದು ಸಮಿತಿ ಅದನ್ನು ನಿರಾಕರಿಸಿತು. ಸರಕಾರಿ ಕಾಗದಪತ್ರಗಳಲ್ಲೆಲ್ಲ ಆ ಮಗು ಬರಿಯ 'ಹುಡುಗಿ' ಎಂದೇ ದಾಖಲಾಯಿತು. ಹದಿನೈದು ವರ್ಷಗಳ ಕಾಲ ಹಾಗೆಯೇ ಉಳಿಯಿತು! 2013ರ ಜನವರಿಯಲ್ಲಿ ನ್ಯಾಯಾಲಯ ಹುಡುಗಿಯ ಪರವಾಗಿ ತೀರ್ಪು ಕೊಟ್ಟಿತು. 2019ರಲ್ಲಿ ಬಂದ ಹೊಸ ಕಾನೂನು, ಹೆಸರುಗಳಿಗಿದ್ದ ಈ ಲಿಂಗದ ಕಟ್ಟನ್ನೇ ತೆಗೆದುಹಾಕಿತು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವ ಹೆಸರುಗಳು ನಮಗೆ ಬಹು ಸಮೀಪದಲ್ಲಿಯೇ ಇವೆ. ಚೀನದ ಹಳ್ಳಿಗಳಲ್ಲಿ ಹೆಣ್ಣುಮಗುವಿಗೆ 'ಜಾವೋದಿ' ಎಂದು ಹೆಸರಿಡುವುದುಂಟು. ಅರ್ಥ, 'ತಮ್ಮನನ್ನು ಕರೆ'. ಎಂದರೆ ಆ ಹೆಸರು ಅವಳದಲ್ಲ. ಇನ್ನೂ ಹುಟ್ಟದ ಗಂಡುಮಗುವಿನ ಆಹ್ವಾನಪತ್ರ. ನಮ್ಮ ಕಡೆ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ 'ತಿಪ್ಪಮ್ಮ' ಎಂದು ಕರೆಯುತ್ತಿದ್ದರು. ಕಸಕ್ಕೆ ಮೃತ್ಯು ಕೈಹಾಕದೆಂಬ ನಂಬಿಕೆ. ಹೆಸರು ಕುರೂಪವಾದರೂ ಅದರ ಹಿಂದೆ ಇದ್ದುದು ಮಗು ಬದುಕಲೆಂಬ ಹಂಬಲ. ಗಂಡುಮಗುವಿಗೂ 'ತಿಪ್ಪಣ್ಣ' ಎಂದೇ ಕರೆಯುತ್ತಿದ್ದರಲ್ಲವೆ? 'ಸಾಕಮ್ಮ' ಎಂಬ ಹೆಸರಿಗೆ ಎರಡು ಮುಖ. ಸಾಕಿ ಸಲಹು ಎಂಬ ಅರ್ಥವೂ ಆ ಮಾತಿನಲ್ಲಿದೆ, ಹೆಣ್ಣು ಸಾಕು ಎಂಬ ಬೇಸರವೂ ಇದೆ. ಕಾಫಿಪುಡಿಯ ಉದ್ಯಮ ಕಟ್ಟಿ, ಮೈಸೂರು ಮಹಾರಾಜರಿಂದ 'ಲೋಕಸೇವಾ ಪಾರಾಯಣಿ' ಎಂಬ ಬಿರುದು ಪಡೆದ ಬೆಂಗಳೂರಿನ ಡಿ. ಸಾಕಮ್ಮನವರ ವಿಷಯದಲ್ಲಿ ಮೊದಲನೆಯ ಅರ್ಥವೇ ಸಲ್ಲುವುದೆಂದು ನನ್ನ ತೀರ್ಪು.

ಆದರೆ ಮಹಾರಾಷ್ಟ್ರದ 'ನಕೋಶಿ'ಗೆ ಎರಡನೆಯ ಅರ್ಥವೇ ಇಲ್ಲ. 'ನಕೋ' ಎಂದರೆ ಬೇಡ ಎಂಬುದು ಬೆಳಗಾವಿ, ಹುಬ್ಬಳ್ಳಿಗಳ ಕಡೆಯವರಿಗೆ ತಿಳಿದ ಮಾತು. ನಕೋಶಿ, ನಕೂಸಾ ಎಂದರೆ ಬೇಡವಾದವಳು. ಮೂರನೆಯದೂ ನಾಲ್ಕನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲೆಂದು ಇಟ್ಟ ಹೆಸರು. ಶಾಲೆಯಲ್ಲಿ ಹಾಜರಿ ಕರೆಯುವಾಗ 'ಬೇಡವಾದವಳು' ಎಂದಾಗ ಎದ್ದುನಿಂತು 'ಇದ್ದೇನೆ' ಎನ್ನಬೇಕಾದ ಬಾಲೆಯನ್ನು ಒಂದು ಕ್ಷಣ ಕಲ್ಪಿಸಿಕೊಳ್ಳಿ. ಆ ಹೆಸರು ಅಷ್ಟಕ್ಕೇ ನಿಲ್ಲುವುದಿಲ್ಲ. ಪರೀಕ್ಷೆಯ ಪತ್ರದಲ್ಲಿ, ಪಡಿತರ ಚೀಟಿಯಲ್ಲಿ, ಮುಂದೆ ಮದುವೆಯ ಕರೆಯೋಲೆಯಲ್ಲಿಯೂ ಅದೇ.

2011ರಲ್ಲಿ ಸಾತಾರಾ ಜಿಲ್ಲೆಯ ಅಧಿಕಾರಿಗಳು ಇಂಥ ಹೆಸರಿನ ಹುಡುಗಿಯರನ್ನು ಊರೂರಿನಲ್ಲಿ ಹುಡುಕಿ ಲೆಕ್ಕ ಮಾಡಿಸಿದರು. ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ 285 ಹುಡುಗಿಯರನ್ನು ಕೂಡಿಸಿ ಸಾಮೂಹಿಕ ನಾಮಕರಣ ನಡೆಸಿದರು. ಪುರೋಹಿತರಿಲ್ಲ, ಪಂಚಾಂಗವಿಲ್ಲ, ಪಾದಾಕ್ಷರವಿಲ್ಲ. ಹೊಸ ಹೆಸರನ್ನು ಆರಿಸಿಕೊಳ್ಳುವ ಅವಕಾಶ ಆ ಮಕ್ಕಳದೇ. ಕೆಲವರು ಚಲನಚಿತ್ರ ನಟಿಯನ್ನು ನೆನೆದು ಐಶ್ವರ್ಯಾ ಎಂದರು. ಕೆಲವರು ಸಾವಿತ್ರಿಯೆಂದರು, ಕೆಲವರು ವೈಶಾಲಿಯೆಂದರು. ಒಬ್ಬೊಬ್ಬಳ ಕೈಗೂ ಹೊಸ ಹೆಸರು ಬರೆದ ಪ್ರಮಾಣಪತ್ರವನ್ನೂ ಹೂಗಳನ್ನೂ ಕೊಟ್ಟು ಮನೆಗೆ ಕಳುಹಿಸಿದರು.