ಹೆಚ್ಚಾದ ಅಕ್ಕಿಯ ಪ್ರಶ್ನೆ: ವಚನಕ್ಕೆ ಕಾಲ ಮುಗಿಯಿತೆನ್ನುವವರಿಗೆ ಉತ್ತರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ವಚನದ ಮಾತೆತ್ತಿದರೆ ಈಗ ಕೇಳಿಬರುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ಬಸವ ಜಯಂತಿಯ ವೇದಿಕೆಯ ಮೇಲೆ ಯಾರೂ ಅವನ್ನು ಆಡುವುದಿಲ್ಲ. ವೇದಿಕೆ ಇಳಿದ ಮೇಲೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆಡುತ್ತಾರೆ. ಆಡುವವರು ದೇವರಿಲ್ಲ ಎನ್ನುವವರಲ್ಲ. ಎದೆಯ ಮೇಲೆ ಲಿಂಗ ಧರಿಸಿದವರು, ಓದಿಕೊಂಡವರು, ನಮ್ಮ ನಂಟರಿಷ್ಟರು. ವಚನ ಒಳ್ಳೆಯದೇ, ಆದರೆ ದುಡ್ಡಿನ ಈ ಕಾಲಕ್ಕೆ ಅದನ್ನು ಬಾಳಿನಲ್ಲಿ ಹಿಡಿದುಕೊಂಡು ಕೂರಲಾಗದು ಎನ್ನುವುದು ಅವರ ಮಾತಿನ ಸಾರ. ಪರರ ಟೀಕೆಯಾಗಿದ್ದರೆ ಸುಮ್ಮನಿರಬಹುದಿತ್ತು. ಮನೆಯವರೇ ಆಡಿದ್ದಕ್ಕೆ ಮನೆಯವರೇ ಉತ್ತರ ಕೊಡಬೇಕು.

ತಿಳಿದವರು ಎತ್ತುವ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ. "ವಚನಕಾರರೇ ವೇದ ಶಾಸ್ತ್ರಗಳನ್ನು ಪ್ರಶ್ನಿಸಿದವರು. ಅವರ ಮಾತನ್ನೇ ಶಾಸ್ತ್ರ ಮಾಡಿ ನಿಷ್ಠೆ ಬೇಡುವುದು ಅವರಿಗೆ ಬಗೆಯುವ ದ್ರೋಹ." ಈ ಮಾತಿನಲ್ಲಿ ತೂಕವಿದೆ. ಹಳೆಯದು ಎಂಬ ಕಾರಣಕ್ಕೆ, ಒಂದು ಜಾತಿಯ ಕೈಯಲ್ಲಿ ಬೀಗದ ಕೈ ಇದೆ ಎಂಬ ಕಾರಣಕ್ಕೆ ಯಾವ ಗ್ರಂಥಕ್ಕೂ ಶರಣರು ತಲೆಬಾಗಲಿಲ್ಲ, ನಿಜ. ಆದರೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂದು ಅವರು ಬದುಕಿದ್ದುಂಟೇ? ಅಲ್ಲಮಪ್ರಭು ಬಸವಣ್ಣನವರನ್ನು ಒರೆಗೆ ಹಚ್ಚುತ್ತಾರೆ. ಹೆಂಡತಿ ಗಂಡನನ್ನು ನಿಲ್ಲಿಸಿ ಕೇಳುತ್ತಾಳೆ. ಆಡಿದ ಮಾತನ್ನು ನಡತೆಯ ಎದುರು ಇಟ್ಟು ನೋಡುವುದೇ ಶೂನ್ಯಸಂಪಾದನೆಯ ಉದ್ದಕ್ಕೂ ನಡೆಯುವ ಕೆಲಸ. ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸಿ ಎಂದು ನಾವು ಹೇಳುತ್ತಿಲ್ಲ. ಆ ಒರೆಗೆ ನಮ್ಮನ್ನೂ ಒಡ್ಡಿಕೊಳ್ಳೋಣ ಎನ್ನುತ್ತಿದ್ದೇವೆ. ಶಾಸ್ತ್ರ ಬೇಡ ಎಂದ ಅರ್ಧವನ್ನು ಇಟ್ಟುಕೊಂಡು, ಲೆಕ್ಕ ಒಪ್ಪಿಸು ಎಂದ ಅರ್ಧವನ್ನು ಬಿಟ್ಟರೆ ಅದು ವಚನಕಾರರ ಸ್ವಾತಂತ್ರ್ಯವಲ್ಲ, ನಮ್ಮ ಅನುಕೂಲ.

ದುಡ್ಡಿನ ಕಾಲ ಎಂಬ ಮಾತಿಗೆ ಬರೋಣ. ತಾಡೋಲೆಗಳಲ್ಲಿ ಚದುರಿದ್ದ ವಚನಗಳನ್ನು ಊರೂರು ಸುತ್ತಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ.ಗು. ಹಳಕಟ್ಟಿಯವರು ವಕೀಲರು. ವಿಜಯಪುರದಲ್ಲಿ ನಡೆಯುತ್ತಿದ್ದ ವಕೀಲಿಯನ್ನು ಬದಿಗಿಟ್ಟು, ಮನೆ ಮಾರಿ ಅಚ್ಚುಕೂಟ ಹಾಕಿದವರು. ಅವರು ದುಡ್ಡಿನ ಕಾಲದಲ್ಲೇ ಇದ್ದರು, ದುಡ್ಡಿನ ಬೆಲೆ ಅವರಿಗೆ ಗೊತ್ತಿತ್ತು. ಅವರು ಕೂಡಿಸಿ ಕೊಟ್ಟದ್ದನ್ನು ನಾವು ಇಂದು ಮದುವೆ ಕಾಗದದ ತಲೆಯ ಮೇಲೆ ಅಚ್ಚು ಹಾಕಿಸುತ್ತೇವೆ. ಆ ಕಾಗದದ ಒಳಗಿನ ಮದುವೆಗೆ ಹೆಣ್ಣಿನ ತಂದೆ ಹೊಲ ಅಡವಿಟ್ಟು ಕಾರು ಕೊಡಿಸಿರುತ್ತಾನೆ.

"ಅದೆಲ್ಲ ಕಲ್ಯಾಣದ ಕಡೆಯದು, ನಮ್ಮ ಸೀಮೆಯದಲ್ಲ." ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಕೊನೆಯ ಶೂನ್ಯಸಂಪಾದನೆಯನ್ನು ಕೂಡಿಸಿದ ಸಿದ್ಧವೀರಣ್ಣೊಡೆಯರು ತುಮಕೂರಿನ ಪಕ್ಕದ ಗೂಳೂರಿನವರು. ವಚನ ಪರಂಪರೆಗೆ ಮತ್ತೆ ಜೀವ ತುಂಬಿದ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ. ಪಾವಗಡದ ಎಷ್ಟೋ ಮನೆಗಳ ಮಾತು ತೆಲುಗು ಎನ್ನುತ್ತೀರಾ? ಬಸವಪುರಾಣ ಮೊದಲು ಹುಟ್ಟಿದ್ದೇ ತೆಲುಗಿನಲ್ಲಿ, ಪಾಲ್ಕುರಿಕೆ ಸೋಮನಾಥನ ಕೈಯಲ್ಲಿ. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದದ್ದು. "ಕಾಯಕ ಎಂದರೆ ದುಡಿ ಎಂದೇ ತಾನೆ? ನಾವು ದುಡಿದಿದ್ದೇವೆ, ಕೂಡಿಟ್ಟಿದ್ದೇವೆ. ಕದ್ದಿಲ್ಲ, ಮೋಸ ಮಾಡಿಲ್ಲ. ಇದರಲ್ಲಿ ವಚನಕ್ಕೆ ವಿರುದ್ಧವಾದದ್ದು ಏನಿದೆ?"

ಕಾಯಕವನ್ನೂ ಕೈಲಾಸವನ್ನೂ ಜೋಡಿಸಿ ಹೇಳುವ ಆ ಮಾತು ಬಂದದ್ದು ಆಯ್ದಕ್ಕಿ ಮಾರಯ್ಯನಿಂದ. ಸರ್ಕಾರಿ ಕಚೇರಿಯ ಗೋಡೆಯಿಂದ ಲಾರಿಯ ಹಣೆಯವರೆಗೆ ಎಲ್ಲೆಲ್ಲೂ ಅದನ್ನು ಬರೆಸಿದ್ದೇವೆ. ಬರೆಸಿದವರು ಅದೇ ಮಾರಯ್ಯನ ಕಥೆಯ ಉಳಿದರ್ಧವನ್ನೂ ಕೇಳಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ದಿನದ ದಾಸೋಹಕ್ಕೆ ಬೇಕಾದಷ್ಟು ತರುತ್ತಿದ್ದ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮೊರದ ಮುಂದೆ ನಿಂತು ಕೇಳಿದಳು: ಇಷ್ಟು ಅಕ್ಕಿಯ ಆಸೆ ನಿಮಗೇಕೆ? ತಂದ ಕಡೆಯೇ ಸುರಿದು ಬನ್ನಿ ಎಂದಳು. ಮಾರಯ್ಯ ಮರಳಿ ಹೋಗಿ ಸುರಿದ.

ಆ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ, ಮೋಸ ಮಾಡಿರಲಿಲ್ಲ. ಬಾಗಿ ಬಾಗಿ ಆಯ್ದದ್ದೇ ಅದು. ಹೆಚ್ಚು ಸಿಗಲೆಂದು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರು ಎಂದೂ ಕಥೆ ಹೇಳುತ್ತದೆ. ಅಂದರೆ ಕೊಟ್ಟವರ ಒಪ್ಪಿಗೆಯೂ ಇತ್ತು. ಇಂದಿನ ಯಾವ ಕೋರ್ಟಿನಲ್ಲೂ ಮಾರಯ್ಯನ ಮೇಲೆ ಕೇಸು ನಿಲ್ಲುವುದಿಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಹೇಗೆ ಬಂತು ಎಂಬಲ್ಲಿಗೆ ನಮ್ಮ ನಂಟರ ಪ್ರಶ್ನೆ ನಿಲ್ಲುತ್ತದೆ. ಬೇಕಾದದ್ದಕ್ಕಿಂತ ಹೆಚ್ಚಾದದ್ದು ಏಕೆ ನಿಮ್ಮ ಮನೆಯಲ್ಲಿದೆ ಎಂಬಲ್ಲಿಂದ ಲಕ್ಕಮ್ಮನ ಪ್ರಶ್ನೆ ಶುರುವಾಗುತ್ತದೆ. ವಚನಕ್ಕೆ ನಿಷ್ಠೆ ಎಂದರೆ ಈ ಎರಡನೆಯ ಪ್ರಶ್ನೆಗೆ ಮುಖ ಕೊಡುವುದು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೂ ಇದನ್ನೇ.

ಜರ್ಮನಿಯ ಮ್ಯಾಕ್ಸ್ ವೆಬರ್ 1904-05ರಲ್ಲಿ ಬರೆದ ಪ್ರಬಂಧವನ್ನು ಕೆಲವು ಮೇಷ್ಟ್ರುಗಳು ಇಲ್ಲಿ ಎತ್ತುತ್ತಾರೆ. ದುಡಿಮೆಯನ್ನು ದೇವರ ಕರೆ ಎಂದು ನಂಬಿದ ಯೂರೋಪಿನ ಪ್ರಾಟೆಸ್ಟೆಂಟರಿಂದ ಬಂಡವಾಳದ ಮನೋಧರ್ಮ ಬೆಳೆಯಿತು ಎಂಬುದು ಅವನ ವಾದ. ನಮ್ಮ ಕಾಯಕವೂ ಅಂಥದ್ದೇ, ಆದ್ದರಿಂದ ಸಂಪತ್ತು ಕೂಡಿಸುವುದು ಧರ್ಮ ಎಂದು ಇವರು ಮುಂದುವರಿಸುತ್ತಾರೆ. ಹೋಲಿಕೆ ಅರ್ಧದಾರಿಯವರೆಗೆ ಸರಿ. ವೆಬರ್ ಕಂಡ ಭಕ್ತ ಮೋಜು ಮಾಡದೆ ಉಳಿಸಿದ ಹಣ ತಿರುಗಿ ವ್ಯಾಪಾರಕ್ಕೆ ಹೋಗಿ ಬೆಳೆಯಿತು. ಶರಣರಲ್ಲಿ ಉಳಿದದ್ದು ದಾಸೋಹಕ್ಕೆ ಹೋಗುತ್ತದೆ, ಮೂಟೆ ಬೆಳೆಯಲು ದಾರಿಯೇ ಇಲ್ಲ. ಕಾಯಕ ಮತ್ತು ದಾಸೋಹ ಒಂದೇ ನೊಗದ ಎರಡು ಎತ್ತು. ಒಂದನ್ನು ಬಿಚ್ಚಿ ಇನ್ನೊಂದರಲ್ಲಿ ಉತ್ತರೆ ಸಾಲು ವಕ್ರವಾಗುವುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಇದನ್ನು ಪಾವಗಡದ ಬಿಸಿಲಿನಲ್ಲಿ ನಿಂತು ನೋಡೋಣ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚಿನಲ್ಲಿ ಮೊದಲ ಹಂತ ಶುರುವಾಯಿತು. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಕಾಲಕಾಲಕ್ಕೆ ಏರುತ್ತದೆ. ಹತ್ತು ಎಕರೆ ಇದ್ದವನಿಗೆ ಎರಡು ಲಕ್ಷದ ಮೇಲೆ, ಅದೂ ಮಳೆ ಬಂದರೂ ಬಾರದಿದ್ದರೂ. ಕಡ್ಲೇಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಜನಕ್ಕೆ ಇದು ದೊಡ್ಡ ಆಸರೆ. ಆ ಹಣವನ್ನು ನಾನು ಪಾಪದ ಹಣ ಎನ್ನುವುದಿಲ್ಲ, ಅನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ಆ ಹೊಲಗಳಲ್ಲಿ ಇನ್ನೊಬ್ಬರೂ ಇದ್ದರು. ಬಿತ್ತನೆಗೆ ಬಂದು, ಕಳೆ ಕಿತ್ತು, ಗಿಡ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದ ಹೆಂಗಸರು. ಬಾಡಿಗೆಯ ಕರಾರಿನಲ್ಲಿ ಅವರ ಹೆಸರಿಲ್ಲ. ಕೆಲವರಿಗೆ ಫಲಕದ ಸಾಲುಗಳ ನಡುವೆ ಹುಲ್ಲು ಸವರುವ, ಧೂಳು ತೊಳೆಯುವ ಕೆಲಸ ಸಿಕ್ಕಿತು. ಉಳಿದವರು ಬೇರೆ ಊರಿನ ಕೂಲಿ ಹುಡುಕಿದರು, ಬೆಂಗಳೂರಿಗೆ ಹೋದರು. ಬೇಲಿಯ ಈಚೆ ನಿಂತ ಹೆಂಗಸಿಗೆ ತಾನು ಯಾವ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದೆ ಎಂದು ಈಗಲೂ ಬೆರಳು ಮಾಡಿ ತೋರಿಸಲು ಬರುತ್ತದೆ. ಲಕ್ಕಮ್ಮನ ಪ್ರಶ್ನೆ ಕೇಳಬೇಕಾದದ್ದು ಇಲ್ಲಿ. ಬಾಡಿಗೆ ಬಂದ ಮನೆಯವರು ಯಾರಿಗೂ ಅನ್ಯಾಯ ಮಾಡಲಿಲ್ಲ, ಒಪ್ಪುತ್ತೇನೆ. ಆದರೂ ಅವರ ಹೆಚ್ಚಿನ ಅಕ್ಕಿ ಇನ್ನೊಬ್ಬರ ಖಾಲಿ ಮೊರದ ಪಕ್ಕದಲ್ಲೇ ಇದೆ.

ಶಿರಾ, ಮಧುಗಿರಿ ಕಡೆಯ ಅಡಿಕೆ ತೋಟಗಳ ಬೋರ್‌ವೆಲ್ ವಿಷಯವೂ ಹೀಗೆಯೇ. ಸಾವಿರ ಅಡಿ ಕೊರೆಸುವುದು ಕಳ್ಳತನವಲ್ಲ. ಪಕ್ಕದ ಸಣ್ಣ ಹಿಡುವಳಿದಾರನ ಬಾವಿ ಬತ್ತಿದಾಗ ಯಾರ ಮೇಲೂ ಕಳವಿನ ದೂರು ಬರೆಯಲಾಗುವುದಿಲ್ಲ. ಕಾನೂನು ಸುಮ್ಮನಾದಲ್ಲಿ ವಚನವೂ ಸುಮ್ಮನಾಗುತ್ತದೆ ಎಂದುಕೊಂಡವರು ವಚನವನ್ನು ಓದಿಲ್ಲ.

"ಬರದ ಸೀಮೆಯವರಿಗೆ ತ್ಯಾಗ ಬೋಧಿಸುತ್ತೀರಾ? ಮೊದಲು ಹೊಟ್ಟೆ, ಆಮೇಲೆ ವಚನ." ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುವುದಿಲ್ಲ, ನೋವಾಗುತ್ತದೆ. ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾದವರನ್ನು ಪಾವಗಡದಲ್ಲಿ ಕಂಡವರು ಯಾರೂ ಬಡತನವನ್ನು ಹೊಗಳಲಾರರು. ವಚನವೂ ಹೊಗಳುವುದಿಲ್ಲ. ಹಸಿದವನಿಗೆ ಸಮಾಧಾನಪಟ್ಟುಕೋ ಎಂದು ಹೇಳಿದ ಒಂದು ವಚನವನ್ನು ನಾನು ಓದಿಲ್ಲ. ಲಕ್ಕಮ್ಮ ಕೇಳಿದ್ದು ನೆರೆಮನೆಯವರನ್ನಲ್ಲ, ತನ್ನ ಗಂಡನನ್ನು. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ರಾಜ್ಯದ ಚಿನ್ನ ಕೈಯಲ್ಲಿ ಹಾಯುತ್ತಿದ್ದಾಗ, ನಾಳೆಗೆಂದು ಅದರ ಒಂದು ಗೆರೆಯನ್ನೂ ಬಯಸೆನು ಎಂದು ಆಣೆಯಿಟ್ಟವರು. ಈ ಮಾತು ಇದ್ದವರಿಗೆ, ಅದರಲ್ಲೂ ಮೊದಲು ಆಡುವವನಿಗೆ. ಇಲ್ಲದವರಿಗೆ ವಚನ ಕೊಟ್ಟದ್ದು ಊಟದ ಪಂಕ್ತಿಯಲ್ಲಿ ಜಾಗ.

ಆ ಜಾಗ ಎಂಥದ್ದು ಎಂದು ಈ ನಾಲ್ಕು ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಸಿದ್ಧಗಂಗೆಯ ಆವರಣದಲ್ಲಿ ತಗಡಿನ ಟ್ರಂಕು ಹಿಡಿದು ಮಗನ ಜೊತೆ ನಿಂತ ತಂದೆಯರನ್ನು ನೋಡಿ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಭಿಕ್ಷೆ ಎತ್ತಿ ರಾಗಿ, ಬೇಳೆ ತಂದು ಮಕ್ಕಳಿಗೆ ಉಣ್ಣಿಸಿದರು. 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಉಣ್ಣುತ್ತ ಓದುತ್ತಿದ್ದರು, ಜಾತಿ ಕೇಳದೆ. ಹೊಟ್ಟೆ ಮೊದಲೋ ವಚನ ಮೊದಲೋ ಎಂದು ಕೇಳುವವರಲ್ಲಿ ಎಷ್ಟೋ ಜನರ ಹೊಟ್ಟೆ ತುಂಬಿದ್ದು ಆ ಪಂಕ್ತಿಯಲ್ಲಿ.

"ಮಠಗಳೇ ಕಾಲೇಜು ಕಟ್ಟಿ ಡೊನೇಷನ್ ತೆಗೆದುಕೊಳ್ಳುತ್ತಿವೆ, ನಮಗೇಕೆ ಉಪದೇಶ?" ತೆಗೆದುಕೊಳ್ಳುವ ಕಡೆ ಅದು ತಪ್ಪೇ. ಕಾವಿ ಉಟ್ಟವರು ಮಾಡಿದರೆ ಇನ್ನೂ ದೊಡ್ಡ ತಪ್ಪು. ಆದರೆ ಅದು ತಪ್ಪೆಂದು ನಿಮಗೆ ಗೊತ್ತಾದದ್ದು ಯಾವ ಅಳತೆಗೋಲಿನಿಂದ? ಅದೇ ವಚನದಿಂದ. ಮಠವನ್ನು ಅಳೆದ ಕೋಲನ್ನು ಮನೆಗೆ ಬಂದ ಕೂಡಲೇ ಮುರಿದು ಒಲೆಗೆ ಹಾಕಬೇಡಿ.

ಗೊರವನಹಳ್ಳಿಯ ಮಹಾಲಕ್ಷ್ಮಿಯ ಬಳಿಗೂ ಪಾವಗಡದ ಶನಿಮಹಾತ್ಮನ ಬಳಿಗೂ ಹೋಗಬೇಡಿ ಎನ್ನುತ್ತೀರಾ ಎಂದು ಕೆಲವರು ಕೆಣಕುತ್ತಾರೆ. ಅಲ್ಲಿಗೆ ತಮ್ಮ ಮನೆತನದ ಭಕ್ತಿಯಿಂದ ಹೋಗುವವರ ಜೊತೆ ನನಗೆ ಜಗಳವಿಲ್ಲ. ನನ್ನ ಮಾತು ಇಷ್ಟಲಿಂಗ ಧರಿಸಿದವರಿಗೆ. ಅಂಗೈಯ ಲಿಂಗದ ಎದುರು ಏನನ್ನೂ ಬೇಡದೆ ಕೂರುವುದನ್ನು ನಮಗೆ ಕಲಿಸಲಾಗಿದೆ. ಐಶ್ವರ್ಯ ಹೆಚ್ಚಲಿ ಎಂದು ಶುಕ್ರವಾರ, ಕೈಬಿಟ್ಟು ಹೋಗದಿರಲಿ ಎಂದು ಶನಿವಾರ ಸಾಲಿನಲ್ಲಿ ನಿಂತರೆ, ಆ ಲಿಂಗವನ್ನು ಎದೆಯ ಮೇಲೆ ಏಕೆ ಹೊತ್ತಿದ್ದೇವೆ ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕು.

"2024ರಲ್ಲಿ ಸರ್ಕಾರವೇ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಕಚೇರಿಗಳಲ್ಲಿ ಭಾವಚಿತ್ರ ಬಂತು, ಇನ್ನೇನು ಬೇಕು?" ಭಾವಚಿತ್ರ ಬಂದದ್ದು ಸಂತೋಷ. ಅದರ ಕೆಳಗಿನ ಮೇಜಿನ ಮೇಲೆ ಖಾತೆ ಬದಲಾವಣೆಯ ಅರ್ಜಿ ಲಂಚವಿಲ್ಲದೆ ಮುಂದಕ್ಕೆ ಹೋದರೆ ಇನ್ನೂ ಸಂತೋಷ. ಬಸವಣ್ಣನವರ ಏಳು 'ಬೇಡ'ಗಳಲ್ಲಿ ಮೊದಲನೆಯದೇ ಕಳವಿನ ಬಗ್ಗೆ.

ಕೊನೆಗೆ ಒಂದು ಸವಾಲು ಹಾಕುತ್ತಾರೆ. "ಮಾತು ಸಾಕು. ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಕೊಡಬೇಕು, ಲೆಕ್ಕ ಹೇಳಿ." ಲೆಕ್ಕ ಪ್ರತಿ ಮನೆಗೂ ಬೇರೆ, ಅದನ್ನು ಲಕ್ಕಮ್ಮನ ಹಾಗೆ ಮನೆಯೊಳಗೇ ಕೂತು ಮಾಡಬೇಕು. ಯಾವತ್ತು ಮಾಡಬೇಕು ಎಂದು ಮಾತ್ರ ಹೇಳಬಲ್ಲೆ. ಬಸವ ಜಯಂತಿಯೂ ಅಕ್ಷಯ ತದಿಗೆಯೂ ಒಂದೇ ದಿನ. ನಾಳೆಗೆಂದು ಚಿನ್ನ ಎತ್ತಿಡೆನು ಎಂದವರು ಹುಟ್ಟಿದ ದಿನವೇ ನಮ್ಮ ಪೇಟೆಗಳ ಚಿನ್ನದಂಗಡಿಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಆ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು, ಗಂಡ ಹೆಂಡತಿ ಕೂತು ವರ್ಷದ ಬಾಡಿಗೆ, ಫಸಲು, ಸಂಬಳ ಕೂಡಿಸಲಿ. ಬೇಕಾದದ್ದನ್ನು ಕಳೆಯಲಿ. ಮಗಳ ಓದು, ಮುದುಕರ ಔಷಧಿ, ಮುಂದಿನ ಬರಕ್ಕೆ ಒಂದಷ್ಟು, ಎಲ್ಲವನ್ನೂ ಧಾರಾಳವಾಗಿಯೇ ಕಳೆಯಲಿ. ಉಳಿದದ್ದನ್ನು ಯಾರಿಗೆ ಕೊಡುವುದು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತಮ್ಮ ಹೊಲದಲ್ಲಿ ಕಡ್ಲೇಕಾಯಿ ಬಿಡಿಸಲು ಯಾರು ಯಾರು ಬರುತ್ತಿದ್ದರು ಎಂದು ತಿರುಮಣಿಯ ಪ್ರತಿ ಮನೆಯ ಯಜಮಾನ್ತಿಗೂ ಹೆಸರು ಸಮೇತ ಗೊತ್ತಿದೆ. ಅವರ ಮಕ್ಕಳ ಹಾಸ್ಟೆಲ್ ಫೀಸಿನಿಂದ ಶುರು ಮಾಡಬಹುದು.