ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು!

ಸೊರಬ-ಶಿಕಾರಿಪುರ ಸೀಮೆಯ ಕ್ಯಾಸನೂರಿನಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ವಿಜ್ಞಾನ ಪ್ರದರ್ಶನಕ್ಕೆಂದು ತಾಪಮಾಪಕ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡು, ಅದಕ್ಕೆ ಎಲ್‌ಎಂ35 ಎಂಬ ಮೂರು ಕಾಲಿನ ಸಂವೇದಕ. ಬೆಳಿಗ್ಗೆ ಅದು 24 ಡಿಗ್ರಿ ಎನ್ನುತ್ತದೆ. ಗೋಡೆಯ ಥರ್ಮಾಮೀಟರೂ ಅಷ್ಟನ್ನೇ ಹೇಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೈನಸ್ 31! ಮಲೆನಾಡಿನ ಸೆರಗಿನಲ್ಲಿ ಸೈಬೀರಿಯ! ಸೆನ್ಸರ್ ಕೆಟ್ಟಿದೆಯೆಂದು ಅಪ್ಪ ಹೊಸದು ತರಲು ಪೇಟೆಗೆ ಹೊರಡುತ್ತಾರೆ.

ಸ್ವಲ್ಪ ತಡೆಯಿರಿ. ಸಂವೇದಕಕ್ಕೆ ಡಿಗ್ರಿ ಗೊತ್ತಿಲ್ಲ. ಅದು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ, ಅಷ್ಟೆ. 25 ಡಿಗ್ರಿಗೆ 250 ಮಿಲಿವೋಲ್ಟ್. ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲು ಮಾಡಿಕೊಂಡು, ಇದು ಎಷ್ಟನೆಯ ಮೆಟ್ಟಿಲು ಎಂದು ಎಣಿಸುತ್ತದೆ. ಆ ಎಣಿಕೆಯನ್ನು 500ರಿಂದ ಗುಣಿಸಿ 1024ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ.

ಕಳ್ಳ ಅಡಗಿರುವುದು ಈ ಗುಣಾಕಾರದಲ್ಲಿ. ಈ ಬೋರ್ಡಿನಲ್ಲಿ ‘ಇಂಟ್’ ಎಂಬ ಪೂರ್ಣಾಂಕದ ಡಬ್ಬಿಗೆ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಎಣಿಕೆ 65 ಇದ್ದಾಗ ಗುಣಲಬ್ಧ 32,500, ಹಿಡಿಯಿತು. ಬಿಸಿಲೇರಿ 32 ಡಿಗ್ರಿ ದಾಟಿ ಎಣಿಕೆ 66 ಆದೊಡನೆ 33,000! ಹಳೆಯ ಸ್ಕೂಟರಿನ ಮೈಲುಮೀಟರು 99,999 ದಾಟಿ ಸೊನ್ನೆಗೆ ತಿರುಗುವಂತೆ, ಇಲ್ಲಿ ಲೆಕ್ಕ ಮೈನಸ್ 32,536ಕ್ಕೆ ತಿರುಗಿಬಿಡುತ್ತದೆ. 1024ರಿಂದ ಭಾಗಿಸಿ ನೋಡಿ, ಮೈನಸ್ 31. ಮದ್ದು ಸುಲಭ: 500ರ ಬಲಕ್ಕೆ ಅಂಟಿಸಿ ಇಂಗ್ಲಿಷಿನ ದೊಡ್ಡ ‘ಎಲ್’ ಅಕ್ಷರ ಬರೆದರೆ ಲೆಕ್ಕ ‘ಲಾಂಗ್’ ಎಂಬ ದೊಡ್ಡ ಡಬ್ಬಿಯಲ್ಲಿ ನಡೆಯುತ್ತದೆ.

ಇನ್ನು ಕೆಲವರು ಮೊದಲೇ 500ನ್ನು 1024ರಿಂದ ಭಾಗಿಸುತ್ತಾರೆ. ಪೂರ್ಣಾಂಕದ ಲೆಕ್ಕದಲ್ಲಿ ಅದು ಸೊನ್ನೆ; ಹೊರಗೆ ಎಷ್ಟೇ ಸೆಕೆಯಿರಲಿ, ಪರದೆಯ ಮೇಲೆ ಸೊನ್ನೆ ಡಿಗ್ರಿ!

ಇವೆಲ್ಲ ಕಣ್ಣಿಗೆ ಹೊಡೆಯುವ ತಪ್ಪುಗಳು. ಅಪಾಯದ ತಪ್ಪು ಬೇರೆಯಿದೆ. ಬೋರ್ಡಿಗೆ ಬರುವ 5 ವೋಲ್ಟ್ ನಿಜವಾಗಿ 4.5ಕ್ಕೆ ಇಳಿದಿದ್ದರೆ, 25 ಡಿಗ್ರಿ 27 ಎಂದು ಕಾಣುತ್ತದೆ. ಯಾರಿಗೂ ಅನುಮಾನ ಬಾರದು.

ಎರಡು ಡಿಗ್ರಿ ತಾನೆ ಎನ್ನಬೇಡಿ. 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಗಿ ಲೋಕಕ್ಕೆಲ್ಲ ಹೆಸರಾದ ಊರು ಕ್ಯಾಸನೂರು. ಜ್ವರ ಕಂಡ ಮನೆಯವರಿಗೆ ಡಿಗ್ರಿಯ ಬೆಲೆ ಗೊತ್ತು. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೇ ಇಡಬೇಕು. ಒಳಗೆ 10 ಇದ್ದಾಗ 8 ಎನ್ನುವ ಮಾಪಕವನ್ನು ನಂಬಿ ಕುಳಿತರೆ?

ಆದ್ದರಿಂದ ವಿದ್ಯಾರ್ಥಿಗಳೇ, ಡಿಗ್ರಿಗಿಂತ ಮೊದಲು ಬರಿಯ ಎಣಿಕೆಯನ್ನು ಪರದೆಗೆ ತನ್ನಿ. ಮಲ್ಟಿಮೀಟರಿನಿಂದ ಸಂವೇದಕದ ನಡುಗಾಲಿನ ವೋಲ್ಟೇಜನ್ನೂ ಬೋರ್ಡಿನ 5 ವೋಲ್ಟನ್ನೂ ಅಳೆಯಿರಿ. ಗೋಡೆಯ ಥರ್ಮಾಮೀಟರಿಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋಲಿಸಿ. ಲೆಕ್ಕ ಎಲ್ಲಿ ದಾರಿ ತಪ್ಪಿತೆಂದು ಆಗ ತಾನಾಗಿ ತಿಳಿಯುತ್ತದೆ.

ತಂದೆತಾಯಿಗಳೇ, ಹೊಸ ಸೆನ್ಸರ್ ತರುವ ಮುಂಚೆ ಮಗುವಿನ ಪಕ್ಕ ಕುಳಿತು ಒಂದೇ ಪ್ರಶ್ನೆ ಕೇಳಿ: “ಎಣಿಕೆ ಎಷ್ಟು ಬಂತು?”